ವರ್ಲ್ಡ್ ಕ್ಲಬ್ ಚಾಲೆಂಜ್

ವರ್ಲ್ಡ್ ಕ್ಲಬ್ ಚಾಲೆಂಜ್ ಎಂಬುದು ರಗ್ಬಿ ಲೀಗ್ ಕ್ರೀಡೆಯ ಅಂತರರಾಷ್ಟ್ರೀಯ ಕ್ಲಬ್ ಪಂದ್ಯ. ಇಂಗ್ಲೆಂಡಿನ ಕ್ಲಬ್ಬುಗಳೇ ಬಹುಸಂಖ್ಯೆಯಲ್ಲಿರುವ ಸೂಪರ್ ಲೀಗ್‌ನ ಚಾಂಪಿಯನ್ ತಂಡಕ್ಕೂ ಆಸ್ಟ್ರೇಲಿಯಾದ ನ್ಯಾಷನಲ್ ರಗ್ಬಿ ಲೀಗ್‌ನ, ಅಂದರೆ ಎನ್‌ಆರ್‌ಎಲ್‌ನ, ಚಾಂಪಿಯನ್ ತಂಡಕ್ಕೂ ಈ ಪಂದ್ಯ ನಡೆಯುತ್ತದೆ. ಗೆದ್ದ ತಂಡವನ್ನು ವಿಶ್ವ ಕ್ಲಬ್ ಚಾಂಪಿಯನ್ ಎಂದು ಕರೆಯಲಾಗುತ್ತದೆ. ಇಂತಹ ಮೊದಲ ಪಂದ್ಯ 1976ರಲ್ಲಿ ಸಿಡ್ನಿಯಲ್ಲಿ ನಡೆಯಿತು. 1987ರಿಂದ ಆಗಾಗ್ಗೆ, 2000ದಿಂದ ಬಹುತೇಕ ಪ್ರತಿವರ್ಷವೂ ಇದನ್ನು ಏರ್ಪಡಿಸಲಾಗಿದೆ.

ಹೆಸರಿಗೆ ಇದು ವಿಶ್ವ ಪ್ರಶಸ್ತಿಯ ಪಂದ್ಯವಾದರೂ ಎರಡು ಸ್ಪರ್ಧೆಗಳ ವೇಳಾಪಟ್ಟಿಗಳ ನಡುವೆ ಇದಕ್ಕೆ ಖಚಿತವಾದ ಸ್ಥಾನ ಎಂದೂ ದೊರೆತಿಲ್ಲ. ಪಂದ್ಯ ಯಾವ ತಿಂಗಳಲ್ಲಿ, ಯಾವ ದೇಶದಲ್ಲಿ ನಡೆಯಿತು ಎಂಬುದು ಫಲಿತಾಂಶದ ಮೇಲೆ ಸಾಕಷ್ಟು ಪ್ರಭಾವ ಬೀರಿದೆ. ಹೀಗಾಗಿ ಗೆದ್ದವರನ್ನು ನಿಜಕ್ಕೂ ವಿಶ್ವದ ಶ್ರೇಷ್ಠ ಕ್ಲಬ್ ಎನ್ನಬಹುದೇ ಎಂಬ ಚರ್ಚೆ ಮೊದಲ ಪಂದ್ಯದಿಂದಲೂ ನಡೆದುಬಂದಿದೆ.

ಹಿನ್ನೆಲೆ

ಭಾರತದಲ್ಲಿ ರಗ್ಬಿ ಎಂದರೆ ಸಾಮಾನ್ಯವಾಗಿ 15 ಅಥವಾ 7 ಆಟಗಾರರ ರಗ್ಬಿ ಯೂನಿಯನ್ ಎಂದೇ ತಿಳಿಯಲಾಗುತ್ತದೆ. ರಗ್ಬಿ ಲೀಗ್ ಅದರಿಂದ ಬೇರ್ಪಟ್ಟು ಬೆಳೆದ ಇನ್ನೊಂದು ಆಟ. 1895ರ ಆಗಸ್ಟ್‌ನಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಪ್ರತ್ಯೇಕ ಒಕ್ಕೂಟವನ್ನು ರಚಿಸಿಕೊಂಡವು. ಈ ಕ್ಲಬ್ಬುಗಳ ಆಟಗಾರರಲ್ಲಿ ಅನೇಕರು ಗಣಿ ಮತ್ತು ಗಿರಣಿ ಕಾರ್ಮಿಕರು. ಶನಿವಾರ ಆಡಲು ಹೋದರೆ ಆ ದಿನದ ಕೂಲಿ ತಪ್ಪುತ್ತಿತ್ತು. ಆ ನಷ್ಟವನ್ನು ಕ್ಲಬ್ಬುಗಳು ಭರಿಸಬಹುದೇ ಎಂಬುದೇ ವಿವಾದದ ಮೂಲವಾಗಿತ್ತು. ಆಟವನ್ನು ನಿಯಂತ್ರಿಸುತ್ತಿದ್ದವರು ಇದಕ್ಕೆ ಒಪ್ಪದ ಕಾರಣ ಒಡಕು ಉಂಟಾಯಿತು. 1908ರಲ್ಲಿ ಸಿಡ್ನಿಯಲ್ಲೂ ಇಂತಹುದೇ ಸ್ಪರ್ಧೆ ಆರಂಭವಾಯಿತು.

ರಗ್ಬಿ ಲೀಗ್‌ನಲ್ಲಿ ಪ್ರತಿ ತಂಡದಿಂದ 13 ಆಟಗಾರರು ಕಣದಲ್ಲಿರುತ್ತಾರೆ. ಪಂದ್ಯದ ಅವಧಿ 80 ನಿಮಿಷ. ಚೆಂಡನ್ನು ಹೊಂದಿರುವ ತಂಡಕ್ಕೆ ಆರು ಬಾರಿ ಟ್ಯಾಕಲ್ ಆಗುವವರೆಗೆ ಮಾತ್ರ ಅವಕಾಶವಿದ್ದು, ಅನಂತರ ಚೆಂಡು ಎದುರಾಳಿಗೆ ಹೋಗುತ್ತದೆ. ಚೆಂಡನ್ನು ಗೋಲಿನ ಗೆರೆಯಾಚೆ ನೆಲಕ್ಕೆ ಮುಟ್ಟಿಸುವುದನ್ನು ಟ್ರೈ ಎನ್ನುತ್ತಾರೆ. ಅದಕ್ಕೆ 4 ಅಂಕ. ಟ್ರೈ ನಂತರದ ಒದೆತಕ್ಕೂ ಪೆನಾಲ್ಟಿ ಗೋಲಿಗೂ ತಲಾ 2 ಅಂಕ. ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದೊಡನೆ ಒದ್ದು ಗೋಲು ಕಂಬಗಳ ನಡುವೆ ಹಾಯಿಸುವ ಡ್ರಾಪ್ ಗೋಲಿಗೆ 1 ಅಂಕ ದೊರೆಯುತ್ತದೆ. ಈ ಒಂದು ಅಂಕವೇ ವರ್ಲ್ಡ್ ಕ್ಲಬ್ ಚಾಲೆಂಜ್‌ನಲ್ಲಿ ನಿರ್ಣಾಯಕವಾದ ಉದಾಹರಣೆಗಳಿವೆ.

ಆಸ್ಟ್ರೇಲಿಯಾದ ಋತು ಮಾರ್ಚ್ ಸುಮಾರಿಗೆ ಆರಂಭವಾಗಿ ಸೆಪ್ಟೆಂಬರ್ ಕೊನೆಯ ಅಥವಾ ಅಕ್ಟೋಬರ್ ಮೊದಲ ವಾರದ ಗ್ರ್ಯಾಂಡ್ ಫೈನಲ್‌ನೊಂದಿಗೆ ಮುಗಿಯುತ್ತದೆ. ಬ್ರಿಟನ್ನಿನಲ್ಲಿ 1996ಕ್ಕೆ ಮೊದಲು ಈ ಆಟ ಚಳಿಗಾಲದ್ದಾಗಿತ್ತು. ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಆರಂಭವಾಗಿ ಮೇ ತಿಂಗಳಲ್ಲಿ ಮುಗಿಯುತ್ತಿತ್ತು. ಆದ್ದರಿಂದ ಒಂದು ತಂಡ ವರ್ಷದ ದಣಿವಿನಲ್ಲಿರುವಾಗ ಇನ್ನೊಂದು ತಂಡ ಹೊಸ ಋತುವಿನ ಹುರುಪಿನಲ್ಲಿರುತ್ತಿತ್ತು.

1976ರ ಪಂದ್ಯ

1976ರ ಜೂನ್ 29ರಂದು ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ ಈಸ್ಟರ್ನ್ ಸಬರ್ಬ್ಸ್ ತಂಡವು ಸೇಂಟ್ ಹೆಲೆನ್ಸ್ ತಂಡವನ್ನು 25–2ರಿಂದ ಸೋಲಿಸಿತು. ಈಸ್ಟರ್ನ್ ಸಬರ್ಬ್ಸ್ ಇಂದಿನ ಸಿಡ್ನಿ ರೂಸ್ಟರ್ಸ್ ಕ್ಲಬ್ಬಿನ ಹಿಂದಿನ ಹೆಸರು. ಆ ತಂಡ 1975ರ ಸಿಡ್ನಿ ಚಾಂಪಿಯನ್ ಆಗಿತ್ತು. ಸೇಂಟ್ ಹೆಲೆನ್ಸ್‌ಗೆ ಅಂತಹ ಅರ್ಹತೆ ಇರಲಿಲ್ಲ. 1975–76ರ ಬ್ರಿಟಿಷ್ ಲೀಗ್ ಪ್ರಶಸ್ತಿ ಗೆದ್ದದ್ದು ಸಾಲ್‌ಫರ್ಡ್. ಸೇಂಟ್ ಹೆಲೆನ್ಸ್ ಆ ಋತುವಿನ ಚಾಲೆಂಜ್ ಕಪ್ ಮತ್ತು ಪ್ರೀಮಿಯರ್‌ಶಿಪ್ ಟ್ರೋಫಿಗಳನ್ನು ಗೆದ್ದ ತಂಡವಾಗಿತ್ತು. ಆ ಕಾರಣದಿಂದಲೂ, ಮುಂದೆ ಹತ್ತು ವರ್ಷ ಇಂತಹ ಪಂದ್ಯ ನಡೆಯದ ಕಾರಣದಿಂದಲೂ ಇದನ್ನು ಅನೇಕರು ಅನಧಿಕೃತವೆಂದು ಪರಿಗಣಿಸುತ್ತಾರೆ. ರೂಸ್ಟರ್ಸ್ ಕ್ಲಬ್ ಮಾತ್ರ ಇದನ್ನು ತನ್ನ ವಿಶ್ವ ಪ್ರಶಸ್ತಿಗಳ ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತದೆ.

1987ರಿಂದ 1994ರವರೆಗೆ

1980ರ ದಶಕದಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ತಂಡ ಬ್ರಿಟನ್ನನ್ನು ಸತತವಾಗಿ ಸೋಲಿಸುತ್ತಿತ್ತು. ಕ್ಲಬ್ ಮಟ್ಟದಲ್ಲಾದರೂ ಸರಿಸಾಟಿಯಾಗಿ ನಿಲ್ಲಬಹುದೆಂಬ ಆಸೆ ಬ್ರಿಟಿಷ್ ಅಭಿಮಾನಿಗಳಲ್ಲಿತ್ತು. ವಿಗನ್ ಕ್ಲಬ್ಬಿನ ಆಡಳಿತಗಾರ ಮಾರಿಸ್ ಲಿಂಡ್ಸೆ ಆಸ್ಟ್ರೇಲಿಯಾದ ಚಾಂಪಿಯನ್ ಮ್ಯಾನ್ಲಿ-ವಾರಿಂಗಾ ತಂಡವನ್ನು ಕರೆಸುವಲ್ಲಿ ಮುಖ್ಯ ಪಾತ್ರ ವಹಿಸಿದರು. 1987ರ ಅಕ್ಟೋಬರ್ 7ರ ರಾತ್ರಿ ವಿಗನ್ನಿನ ಸೆಂಟ್ರಲ್ ಪಾರ್ಕ್ ಕ್ರೀಡಾಂಗಣದಲ್ಲಿ ನಡೆದ ಈ ಪಂದ್ಯಕ್ಕೆ ಅಧಿಕೃತ ಲೆಕ್ಕದಂತೆ 36,895 ಪ್ರೇಕ್ಷಕರು ಬಂದಿದ್ದರು. ಎರಡೂ ತಂಡಗಳು ಒಂದು ಟ್ರೈಯನ್ನೂ ಗಳಿಸಲಿಲ್ಲ. ಡೇವಿಡ್ ಸ್ಟೀಫನ್‌ಸನ್ ಒದ್ದ ನಾಲ್ಕು ಪೆನಾಲ್ಟಿ ಗೋಲುಗಳಿಂದ ವಿಗನ್ 8–2ರಿಂದ ಗೆದ್ದಿತು. ಮ್ಯಾನ್ಲಿಯ ರಾನ್ ಗಿಬ್ಸ್ ಅವರನ್ನು ರೆಫರಿ ಕಣದಿಂದ ಹೊರಗೆ ಕಳುಹಿಸಿದರು. ಟ್ರೈ ಇಲ್ಲದ, ಬಡಿದಾಟಕ್ಕೆ ಸಮೀಪವಾಗಿದ್ದ ಈ ಪಂದ್ಯವನ್ನು ವಿಗನ್ ಅಭಿಮಾನಿಗಳು ಇಂದಿಗೂ ನೆನೆಯುತ್ತಾರೆ.

1989ರಲ್ಲಿ ವಿಡ್ನೆಸ್ ತಂಡವು ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕ್ಯಾನ್‌ಬೆರಾ ರೈಡರ್ಸ್ ತಂಡವನ್ನು 30–18ರಿಂದ ಸೋಲಿಸಿತು. ಮಾಲ್ ಮೆನಿಂಗಾ ನಾಯಕತ್ವದ ಕ್ಯಾನ್‌ಬೆರಾ ಆರಂಭದಲ್ಲಿ 12–0 ಮುನ್ನಡೆ ಪಡೆದಿತ್ತು. ವಿಡ್ನೆಸ್ ಪರ ಮಾರ್ಟಿನ್ ಒಫಾಯಾ ಎರಡು ಟ್ರೈ ಗಳಿಸಿ ಪಂದ್ಯದ ದಿಕ್ಕು ಬದಲಿಸಲು ನೆರವಾದರು. 1991ರಲ್ಲಿ ಲಿವರ್‌ಪೂಲ್‌ನ ಆನ್‌ಫೀಲ್ಡ್‌ನಲ್ಲಿ ವಿಗನ್ 21–4ರಿಂದ ಪೆನ್ರಿತ್ ಪ್ಯಾಂಥರ್ಸ್ ವಿರುದ್ಧ ಜಯ ಗಳಿಸಿತು.

ಈ ಮೂರು ಸೋಲುಗಳ ದಿನಾಂಕಗಳು ಗಮನಾರ್ಹವಾಗಿವೆ. ಸಿಡ್ನಿಯ ಗ್ರ್ಯಾಂಡ್ ಫೈನಲ್ 1987ರಲ್ಲಿ ಸೆಪ್ಟೆಂಬರ್ 27ರಂದು, 1989ರಲ್ಲಿ ಸೆಪ್ಟೆಂಬರ್ 24ರಂದು, 1991ರಲ್ಲಿ ಸೆಪ್ಟೆಂಬರ್ 22ರಂದು ನಡೆದಿತ್ತು. ಇಂಗ್ಲೆಂಡಿನ ಪಂದ್ಯಗಳು ಕ್ರಮವಾಗಿ ಅಕ್ಟೋಬರ್ 7, 4 ಮತ್ತು 2ರಂದು ನಡೆದವು. ಅಂದರೆ ಮೂರು ಬಾರಿಯೂ ಆಸ್ಟ್ರೇಲಿಯಾದ ತಂಡ ವರ್ಷದ ಅತಿ ಕಠಿಣ ಪಂದ್ಯವನ್ನು ಗೆದ್ದು, ಸಂಭ್ರಮ ಮುಗಿಸಿ, ಭೂಮಿಯ ಇನ್ನೊಂದು ತುದಿಗೆ ಹಾರಿ, ಸರಿಯಾಗಿ ಹತ್ತನೆಯ ದಿನ ಕಣಕ್ಕಿಳಿದಿತ್ತು. 1992ರಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ವೇಯ್ನ್ ಬೆನೆಟ್ ತರಬೇತಿಯ ಬ್ರಿಸ್ಬೇನ್ ಬ್ರಾಂಕೋಸ್ ಗ್ರ್ಯಾಂಡ್ ಫೈನಲ್ ಗೆದ್ದು ಒಂದು ತಿಂಗಳಾದ ಮೇಲೆ, ಅಕ್ಟೋಬರ್ 30ರಂದು, ವಿಗನ್ನಿನಲ್ಲಿ ಆಡಿತು. ಅದಕ್ಕೆ ಆರು ದಿನ ಮೊದಲು ಲಂಡನ್ನಿನ ವೆಂಬ್ಲಿಯಲ್ಲಿ ವಿಶ್ವಕಪ್ ಫೈನಲ್ ನಡೆದಿತ್ತು. ಅಲ್ಲಿ ಆಸ್ಟ್ರೇಲಿಯಾಕ್ಕೆ ಗೆಲುವು ತಂದ ಏಕೈಕ ಟ್ರೈ ಬ್ರಿಸ್ಬೇನ್‌ನ ಸ್ಟೀವ್ ರೆನೂಫ್ ಅವರದು. ಹೀಗೆ ತಂಡದ ಕೆಲವು ಪ್ರಮುಖ ಆಟಗಾರರು ಮೊದಲೇ ಇಂಗ್ಲೆಂಡಿನಲ್ಲಿ ಪಳಗಿದ್ದರು. ಬ್ರಿಸ್ಬೇನ್ 22–8ರಿಂದ ಗೆದ್ದು, ಬ್ರಿಟನ್ನಿನ ನೆಲದಲ್ಲಿ ಈ ಪ್ರಶಸ್ತಿ ಪಡೆದ ಮೊದಲ ಆಸ್ಟ್ರೇಲಿಯನ್ ಕ್ಲಬ್ ಎನಿಸಿತು.

ವಿಗನ್ ಇದಕ್ಕೆ ಉತ್ತರ ಕೊಟ್ಟದ್ದು 1994ರಲ್ಲಿ, ಅದೂ ಬ್ರಿಸ್ಬೇನ್‌ನಲ್ಲಿಯೇ. ಈ ಸಲ ಅನುಕೂಲಗಳೆಲ್ಲ ಆತಿಥೇಯರ ಕಡೆಗಿದ್ದವು. ಜೂನ್ 1 ಎಂದರೆ ಆಸ್ಟ್ರೇಲಿಯಾದಲ್ಲಿ ಋತುವಿನ ಮಧ್ಯಭಾಗ. ವಿಗನ್ ತನ್ನ ದೀರ್ಘ ಋತುವನ್ನು ಮುಗಿಸಿ ಕೆಲವೇ ದಿನಗಳಾಗಿದ್ದವು. ಮೇ ತಿಂಗಳಲ್ಲಷ್ಟೇ ಕ್ಲಬ್ ತನ್ನ ತರಬೇತುದಾರ ಜಾನ್ ಡೊರಾಹಿ ಅವರನ್ನು ಕೈಬಿಟ್ಟಿದ್ದರಿಂದ ಗ್ರೇಮ್ ವೆಸ್ಟ್ ಅವಸರದಲ್ಲಿ ಹೊಣೆ ಹೊತ್ತಿದ್ದರು. 54,220 ಪ್ರೇಕ್ಷಕರ ಎದುರು ವಿಗನ್ 20–14ರಿಂದ ಗೆದ್ದಿತು. ಚಾಲೆಂಜ್ ಪಂದ್ಯವೊಂದಕ್ಕೆ ಇಷ್ಟು ಜನ ಮತ್ತೆ ಸೇರಿಲ್ಲ. ತವರಿನಿಂದ ಇಷ್ಟು ದೂರ, ಇಷ್ಟು ಪ್ರತಿಕೂಲ ಸನ್ನಿವೇಶದಲ್ಲಿ ದೊರೆತ ಈ ಜಯವನ್ನು ಬ್ರಿಟಿಷ್ ಕ್ಲಬ್ಬೊಂದರ ಅತ್ಯುತ್ತಮ ಸಾಧನೆಗಳಲ್ಲಿ ಒಂದೆಂದು ಪರಿಗಣಿಸುವುದರಲ್ಲಿ ಅತಿಶಯವೇನೂ ಇಲ್ಲ.

ಸೂಪರ್ ಲೀಗ್ ಸಮರ ಮತ್ತು 1997ರ ಚಾಂಪಿಯನ್‌ಶಿಪ್

1995ರಲ್ಲಿ ರೂಪರ್ಟ್ ಮರ್ಡಾಕ್ ಅವರ ನ್ಯೂಸ್ ಕಾರ್ಪೊರೇಷನ್ ದೂರದರ್ಶನ ಪ್ರಸಾರದ ಹಕ್ಕುಗಳಿಗಾಗಿ ರಗ್ಬಿ ಲೀಗ್ ಆಟವನ್ನೇ ಹೊಸದಾಗಿ ಕಟ್ಟಲು ಮುಂದಾಯಿತು. ಬ್ರಿಟನ್ನಿನ ಆಡಳಿತ ಮಂಡಳಿ ಐದು ವರ್ಷಗಳಿಗೆ 8.7 ಕೋಟಿ ಪೌಂಡ್ ಮೊತ್ತದ ಒಪ್ಪಂದಕ್ಕೆ ಸಹಿ ಹಾಕಿತು. ಅದರ ಫಲವಾಗಿ 1996ರಲ್ಲಿ ಸೂಪರ್ ಲೀಗ್ ಆರಂಭವಾಗಿ, ಆಟ ಚಳಿಗಾಲದಿಂದ ಬೇಸಿಗೆಗೆ ಸ್ಥಳಾಂತರಗೊಂಡಿತು. ಆಸ್ಟ್ರೇಲಿಯಾದಲ್ಲಿ ಇದು ಅಷ್ಟು ಸುಲಭವಾಗಲಿಲ್ಲ. ಹಳೆಯ ಸಂಸ್ಥೆಯಾದ ಆಸ್ಟ್ರೇಲಿಯನ್ ರಗ್ಬಿ ಲೀಗ್ ವಿರೋಧಿಸಿತು, ಕೆರ‍್ರಿ ಪ್ಯಾಕರ್ ಅದರ ಬೆಂಬಲಕ್ಕೆ ನಿಂತರು. ಆಟಗಾರರನ್ನು ಸೆಳೆಯಲು ಎರಡೂ ಬಣಗಳು ಹಣ ಸುರಿದವು, ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಕೊನೆಗೆ 1997ರಲ್ಲಿ ಒಂದೇ ದೇಶದಲ್ಲಿ ಎರಡು ಪ್ರತಿಸ್ಪರ್ಧಿ ಲೀಗ್‌ಗಳು ನಡೆದವು. ಹಳೆಯದರಲ್ಲಿ 12, ಹೊಸದರಲ್ಲಿ 10 ಕ್ಲಬ್ಬುಗಳಿದ್ದವು.

ಆ ವರ್ಷ ಒಂದೇ ಪಂದ್ಯದ ಚಾಲೆಂಜ್‌ಗೆ ಬದಲಾಗಿ ವರ್ಲ್ಡ್ ಕ್ಲಬ್ ಚಾಂಪಿಯನ್‌ಶಿಪ್ ಎಂಬ ಪಂದ್ಯಾವಳಿಯನ್ನು ಏರ್ಪಡಿಸಲಾಯಿತು. ಯುರೋಪಿನ 12 ಹಾಗೂ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳ 10, ಒಟ್ಟು 22 ಕ್ಲಬ್ಬುಗಳು ಇದರಲ್ಲಿ ಭಾಗವಹಿಸಿದವು. ಎರಡೂ ಸ್ಪರ್ಧೆಗಳ ಋತುವಿನ ಮಧ್ಯದಲ್ಲಿ ಲೀಗ್ ಪಂದ್ಯಗಳನ್ನು ನಿಲ್ಲಿಸಿ, ತಂಡಗಳನ್ನು ಭೂಮಿಯ ಈ ಕಡೆಯಿಂದ ಆ ಕಡೆಗೆ ಸಾಗಿಸಿ ಗುಂಪು ಹಂತದ 60 ಪಂದ್ಯಗಳನ್ನು ಆಡಿಸಲಾಯಿತು. ಲಂಡನ್ ಬ್ರಾಂಕೋಸ್ ತನ್ನ ಮೈದಾನದಲ್ಲಿ ಕ್ಯಾನ್‌ಬೆರಾವನ್ನು ಸೋಲಿಸಿದ್ದು ಮುಂತಾದ ಕೆಲವು ಅನಿರೀಕ್ಷಿತ ಫಲಿತಾಂಶಗಳನ್ನು ಬಿಟ್ಟರೆ ಬಹುಪಾಲು ಪಂದ್ಯಗಳಲ್ಲಿ ಐರೋಪ್ಯ ತಂಡಗಳು ಸೋತವು, ಅನೇಕ ಸಲ ಭಾರಿ ಅಂತರದಿಂದ. ಆದರೂ ಕ್ವಾರ್ಟರ್ ಫೈನಲ್‌ನಲ್ಲಿ ಯುರೋಪಿಗೆ ನಾಲ್ಕು ಸ್ಥಾನಗಳು ದೊರೆಯುವಂತೆ ನಿಯಮ ರೂಪಿಸಲಾಗಿತ್ತು. ಬ್ರಿಸ್ಬೇನ್ ಸೇಂಟ್ ಹೆಲೆನ್ಸ್ ತಂಡವನ್ನು 66–12ರಿಂದಲೂ ಆಕ್ಲೆಂಡ್ ವಾರಿಯರ್ಸ್ ಬ್ರಾಡ್‌ಫರ್ಡ್ ತಂಡವನ್ನು 62–14ರಿಂದಲೂ ಕ್ರೊನುಲಾ ಲಂಡನ್ ತಂಡವನ್ನು 40–16ರಿಂದಲೂ ಸೋಲಿಸಿದವು. ವಿಗನ್ ಮಾತ್ರ ಹೋರಾಟ ನೀಡಿ 22–18ರಿಂದ ಹಂಟರ್ ಮ್ಯಾರಿನರ್ಸ್‌ಗೆ ಶರಣಾಯಿತು. ಸೆಮಿಫೈನಲ್‌ನಲ್ಲಿ ಯುರೋಪಿನ ಒಂದು ತಂಡವೂ ಉಳಿಯಲಿಲ್ಲ.

ಹಂಟರ್ ಮ್ಯಾರಿನರ್ಸ್‌ನ ಕಥೆ ಆ ಕಾಲದ ಗೊಂದಲವನ್ನು ಚೆನ್ನಾಗಿ ತೋರಿಸುತ್ತದೆ. ನ್ಯೂಸೌತ್‌ವೇಲ್ಸ್‌ನ ನ್ಯೂಕ್ಯಾಸಲ್ ನಗರದಲ್ಲಿ ಹಳೆಯ ಲೀಗ್‌ಗೆ ನಿಷ್ಠವಾಗಿದ್ದ ನ್ಯೂಕ್ಯಾಸಲ್ ನೈಟ್ಸ್ ತಂಡವಿತ್ತು. ಅದೇ ಪ್ರದೇಶದಲ್ಲಿ ಅದಕ್ಕೆ ಪ್ರತಿಯಾಗಿ ಸೂಪರ್ ಲೀಗ್ ಬಣ ಮ್ಯಾರಿನರ್ಸ್ ತಂಡವನ್ನು ಹುಟ್ಟುಹಾಕಿತು. ಸೆಪ್ಟೆಂಬರ್ 28ರಂದು ನೈಟ್ಸ್ ಹಳೆಯ ಲೀಗ್‌ನ ಗ್ರ್ಯಾಂಡ್ ಫೈನಲ್‌ನಲ್ಲಿ ಮ್ಯಾನ್ಲಿಯನ್ನು 22–16ರಿಂದ ಸೋಲಿಸಿ ಮೊದಲ ಬಾರಿಗೆ ಚಾಂಪಿಯನ್ ಆಯಿತು. ಊರೆಲ್ಲ ಅದರ ಸಂಭ್ರಮದಲ್ಲಿ ಮುಳುಗಿತ್ತು. ಮೂರು ವಾರ ಕಳೆಯುವ ಮೊದಲೇ, ಅಕ್ಟೋಬರ್ 17ರಂದು, ಅದೇ ಊರಿನ ಇನ್ನೊಂದು ತಂಡ ಆಕ್ಲೆಂಡ್‌ನಲ್ಲಿ ವಿಶ್ವ ಪ್ರಶಸ್ತಿಯ ಫೈನಲ್ ಆಡಿತು. ಬ್ರಿಸ್ಬೇನ್ 36–12ರಿಂದ ಗೆದ್ದಿತು. ಮ್ಯಾರಿನರ್ಸ್ ಆ ಋತುವಿನ ಬಳಿಕ ಅಸ್ತಿತ್ವದಲ್ಲಿ ಉಳಿಯಲಿಲ್ಲ. ಆಸ್ಟ್ರೇಲಿಯಾದ ಅರ್ಧಕ್ಕಿಂತ ಹೆಚ್ಚು ಕ್ಲಬ್ಬುಗಳು ಹೊರಗಿದ್ದ, ಅಲ್ಲಿನ ಇಬ್ಬರು ಚಾಂಪಿಯನ್ನರಲ್ಲಿ ಒಬ್ಬರಿಗೆ ಪ್ರವೇಶವೇ ಇಲ್ಲದಿದ್ದ ಪಂದ್ಯಾವಳಿಯನ್ನು ವಿಶ್ವ ಚಾಂಪಿಯನ್‌ಶಿಪ್ ಎನ್ನುವುದು ಹೇಗೆಂದು ಅಂದೇ ಪ್ರಶ್ನಿಸಲಾಗಿತ್ತು.

ಪಂದ್ಯಾವಳಿ ಭಾರಿ ನಷ್ಟ ಅನುಭವಿಸಿ, ಪುನರಾವರ್ತನೆಯಾಗಲಿಲ್ಲ. ಎರಡು ಆಸ್ಟ್ರೇಲಿಯನ್ ಬಣಗಳು ರಾಜಿಯಾಗಿ 1998ರಲ್ಲಿ ಎನ್‌ಆರ್‌ಎಲ್ ಆರಂಭವಾಯಿತು. ಅದೇ ವರ್ಷ ಬ್ರಿಟನ್ನಿನಲ್ಲೂ ಗ್ರ್ಯಾಂಡ್ ಫೈನಲ್ ಮೂಲಕ ಚಾಂಪಿಯನ್ ತಂಡವನ್ನು ನಿರ್ಣಯಿಸುವ ಪದ್ಧತಿ ಬಂತು.

2000ದ ನಂತರ

2000ದ ಜನವರಿಯಲ್ಲಿ ಒಂದೇ ಪಂದ್ಯದ ರೂಪದಲ್ಲಿ ಚಾಲೆಂಜ್ ಮರಳಿತು. ವಿಗನ್ನಿನಲ್ಲಿ ಮೆಲ್ಬರ್ನ್ ಸ್ಟಾರ್ಮ್ 44–6ರಿಂದ ಸೇಂಟ್ ಹೆಲೆನ್ಸ್ ವಿರುದ್ಧ ಸುಲಭವಾಗಿ ಗೆದ್ದಿತು. ಈಗ ಎರಡೂ ಲೀಗ್‌ಗಳು ಹೆಚ್ಚುಕಡಿಮೆ ಒಂದೇ ತಿಂಗಳುಗಳಲ್ಲಿ ನಡೆಯುತ್ತಿದ್ದುದರಿಂದ ಹೊಸ ಋತುವಿನ ಮುಂಚಿನ ಫೆಬ್ರವರಿ ಸುಮಾರು ಈ ಪಂದ್ಯದ ಕಾಲವಾಯಿತು. ಅದರ ಜೊತೆಗೆ ಹೊಸ ತೊಡಕೂ ಬಂತು. ಹಿಂದಿನ ವರ್ಷ ಪ್ರಶಸ್ತಿ ಗೆದ್ದ ತಂಡದ ಕೆಲವರು ಫೆಬ್ರವರಿಯ ಹೊತ್ತಿಗೆ ಬೇರೆ ಕ್ಲಬ್ಬಿಗೆ ಹೋಗಿರುತ್ತಾರೆ. ಗೆದ್ದದ್ದು ಒಂದು ತಂಡ, ಪ್ರಶಸ್ತಿಗಾಗಿ ಆಡುವುದು ಅದೇ ಹೆಸರಿನ ಬೇರೊಂದು ತಂಡ ಎನ್ನುವಂತಾಗುತ್ತದೆ. ಸೂಪರ್ ಲೀಗ್ ಋತು ಎನ್‌ಆರ್‌ಎಲ್‌ಗಿಂತ ಕೆಲವು ವಾರ ಮೊದಲೇ ಆರಂಭವಾಗುವುದರಿಂದ ಇಂಗ್ಲಿಷ್ ತಂಡಕ್ಕೆ ಪಂದ್ಯದ ಅಭ್ಯಾಸವೂ ಹೆಚ್ಚು.

2001ರಿಂದ 2008ರವರೆಗಿನ ಎಂಟು ಪಂದ್ಯಗಳಲ್ಲಿ ಏಳನ್ನು ಇಂಗ್ಲಿಷ್ ಕ್ಲಬ್ಬುಗಳು ಗೆದ್ದವು. ಸೇಂಟ್ ಹೆಲೆನ್ಸ್ 2001ರಲ್ಲಿ ಬ್ರಿಸ್ಬೇನ್ ವಿರುದ್ಧ 20–18ರಿಂದ ಗೆದ್ದಾಗ ಪಾಲ್ ಸ್ಕಲ್‌ಥಾರ್ಪ್ ಮತ್ತು ಶಾನ್ ಲಾಂಗ್ ಅವರ ತಲಾ ಒಂದು ಡ್ರಾಪ್ ಗೋಲೇ ಅಂತರವಾಗಿತ್ತು. 2007ರಲ್ಲಿ ಅದೇ ತಂಡ ಬ್ರಿಸ್ಬೇನ್ ಅನ್ನು 18–14ರಿಂದ ಮತ್ತೆ ಸೋಲಿಸಿತು. ಬ್ರಾಡ್‌ಫರ್ಡ್ ಬುಲ್ಸ್ 2002, 2004 ಮತ್ತು 2006ರಲ್ಲಿ, ಲೀಡ್ಸ್ ರೈನೋಸ್ 2005 ಮತ್ತು 2008ರಲ್ಲಿ ಪ್ರಶಸ್ತಿ ಪಡೆದವು. 2003ರಲ್ಲಿ ಸಿಡ್ನಿ ರೂಸ್ಟರ್ಸ್ 38–0ರಿಂದ ಗೆದ್ದದ್ದು ಮಾತ್ರ ಅಪವಾದ. ಈ ಪಂದ್ಯಗಳೆಲ್ಲ ಇಂಗ್ಲೆಂಡಿನಲ್ಲಿಯೇ, ಚಳಿ ಮತ್ತು ಮಳೆಯ ತಿಂಗಳುಗಳಲ್ಲಿ ನಡೆದವು. ಆಸ್ಟ್ರೇಲಿಯಾದ ಅನೇಕರಿಗೆ ಇದು ಋತುಪೂರ್ವ ಅಭ್ಯಾಸದ ಪ್ರವಾಸವಾಗಿ ಕಂಡರೆ, ಇಂಗ್ಲೆಂಡಿನವರಿಗೆ ವರ್ಷದ ಮೊದಲ ದೊಡ್ಡ ರಾತ್ರಿಯಾಗಿತ್ತು.

2009ರಲ್ಲಿ ಗಾಳಿ ತಿರುಗಿತು. ಆ ವರ್ಷದಿಂದ 2020ರವರೆಗೆ ನಡೆದ 12 ಪಂದ್ಯಗಳಲ್ಲಿ ಇಂಗ್ಲಿಷ್ ತಂಡಗಳು ಗೆದ್ದದ್ದು ಎರಡನ್ನು ಮಾತ್ರ. 2012ರಲ್ಲಿ ಲೀಡ್ಸ್ ಮ್ಯಾನ್ಲಿಯನ್ನು 26–12ರಿಂದಲೂ 2017ರಲ್ಲಿ ವಿಗನ್ ಕ್ರೊನುಲಾವನ್ನು 22–6ರಿಂದಲೂ ಸೋಲಿಸಿದವು. ಉಳಿದವುಗಳಲ್ಲಿ ಕೆಲವು ಏಕಪಕ್ಷೀಯವಾಗಿದ್ದವು. 2015ರಲ್ಲಿ ಸೌತ್ ಸಿಡ್ನಿ ಸೇಂಟ್ ಹೆಲೆನ್ಸ್‌ಗೆ ಅದರ ತವರಿನಲ್ಲೇ ಒಂದು ಅಂಕವನ್ನೂ ಬಿಟ್ಟುಕೊಡದೆ 39–0ರಿಂದ ಗೆದ್ದಿತು. 2016ರಲ್ಲಿ ನಾರ್ತ್ ಕ್ವೀನ್ಸ್‌ಲೆಂಡ್ ಮತ್ತು 2018ರಲ್ಲಿ ಮೆಲ್ಬರ್ನ್, ಎರಡೂ 38–4ರಿಂದ ಲೀಡ್ಸ್ ವಿರುದ್ಧ ಗೆದ್ದವು. 2014ರ ಪಂದ್ಯ ಸಿಡ್ನಿಯಲ್ಲಿ ನಡೆಯಿತು. 1994ರ ನಂತರ ಆಸ್ಟ್ರೇಲಿಯಾ ಒಂದೇ ಪಂದ್ಯದ ಚಾಲೆಂಜ್‌ಗೆ ಆತಿಥ್ಯ ವಹಿಸಿದ್ದು ಅದೇ ಮೊದಲು.

ಮೆಲ್ಬರ್ನ್ ಸ್ಟಾರ್ಮ್ 2010ರಲ್ಲಿ ಲೀಡ್ಸ್ ವಿರುದ್ಧ 18–10ರಿಂದ ಗಳಿಸಿದ ಜಯಕ್ಕೆ ವಿಚಿತ್ರ ಅಂತ್ಯ ಕಾದಿತ್ತು. ಆಟಗಾರರ ಒಟ್ಟು ವೇತನಕ್ಕೆ ಎನ್‌ಆರ್‌ಎಲ್ ವಿಧಿಸಿದ ಮಿತಿಯನ್ನು ಕ್ಲಬ್ ವರ್ಷಗಳ ಕಾಲ ಗುಟ್ಟಾಗಿ ಮೀರಿತ್ತೆಂಬುದು ಅದೇ ಏಪ್ರಿಲ್‌ನಲ್ಲಿ ಬಯಲಾಯಿತು. 2007 ಮತ್ತು 2009ರ ಲೀಗ್ ಪ್ರಶಸ್ತಿಗಳ ಜೊತೆಗೆ ವಿಶ್ವ ಕ್ಲಬ್ ಪ್ರಶಸ್ತಿಯನ್ನೂ ಹಿಂಪಡೆಯಲಾಯಿತು. ಸೋತ ಲೀಡ್ಸ್‌ಗೆ ಅದನ್ನು ನೀಡಲಿಲ್ಲ. ಆ ವರ್ಷದ ಸ್ಥಾನ ಖಾಲಿ ಉಳಿದಿದೆ.

ವರ್ಲ್ಡ್ ಕ್ಲಬ್ ಸೀರೀಸ್

2015ರಲ್ಲಿ ಚಾಂಪಿಯನ್ನರ ಪಂದ್ಯಕ್ಕೆ ಇನ್ನೆರಡು ಪಂದ್ಯಗಳನ್ನು ಜೋಡಿಸಿ ಮೂರು ಪಂದ್ಯಗಳ ಸರಣಿ ರೂಪಿಸಲಾಯಿತು. 2015 ಮತ್ತು 2016ರಲ್ಲಿ ಮೂರಕ್ಕೆ ಮೂರನ್ನೂ ಆಸ್ಟ್ರೇಲಿಯಾದ ತಂಡಗಳು ಗೆದ್ದವು. 2017ರಲ್ಲಿ ಪಂದ್ಯಗಳ ಸಂಖ್ಯೆ ಎರಡಕ್ಕಿಳಿಯಿತು. ಅವೆರಡನ್ನೂ ಇಂಗ್ಲಿಷ್ ತಂಡಗಳು ಗೆದ್ದವು, ಸರಣಿಯೂ ಅಲ್ಲಿಗೆ ನಿಂತಿತು.

2023 ಮತ್ತು 2024

ಕೋವಿಡ್ ಕಾರಣದಿಂದ 2021 ಮತ್ತು 2022ರಲ್ಲಿ ಪಂದ್ಯ ನಡೆಯಲಿಲ್ಲ. 2023ರ ಫೆಬ್ರವರಿ 18ರಂದು ಸೇಂಟ್ ಹೆಲೆನ್ಸ್ ಸಿಡ್ನಿಯ ಹೊರವಲಯದಲ್ಲಿರುವ ಪೆನ್ರಿತ್‌ಗೆ ಹೋಗಿ ಆಡಿತು. ಪೆನ್ರಿತ್ ಪ್ಯಾಂಥರ್ಸ್ ಆಗಿನ ಎನ್‌ಆರ್‌ಎಲ್‌ನ ನಿರ್ವಿವಾದ ಬಲಿಷ್ಠ ತಂಡ. ಸೇಂಟ್ ಹೆಲೆನ್ಸ್ 12–0 ಮುನ್ನಡೆ ಪಡೆದು ಅದನ್ನು ಉಳಿಸಿಕೊಳ್ಳಲು ಹೆಣಗುತ್ತಿದ್ದಾಗ, ಆಟ ಮುಗಿಯುವ ಹೊತ್ತಿಗೆ ಬ್ರಯಾನ್ ಟೋಓ ಟ್ರೈ ಗಳಿಸಿದರು. ನೇಥನ್ ಕ್ಲಿಯರಿ ಕಷ್ಟದ ಕೋನದಿಂದ ಒದ್ದ ಚೆಂಡು ಗೋಲು ಸೇರಿ ಅಂಕ 12–12 ಆಯಿತು. ಮೊದಲು ಅಂಕ ಗಳಿಸಿದವರೇ ವಿಜೇತರಾಗುವ ಗೋಲ್ಡನ್ ಪಾಯಿಂಟ್ ಅವಧಿಯಲ್ಲಿ ಸೇಂಟ್ ಹೆಲೆನ್ಸ್‌ನ ಯುವ ಆಟಗಾರ ಲೂಯಿಸ್ ಡಾಡ್ ಒದ್ದ ಡ್ರಾಪ್ ಗೋಲ್ 13–12ರ ಜಯ ತಂದುಕೊಟ್ಟಿತು. 1994ರ ವಿಗನ್ ನಂತರ ಆಸ್ಟ್ರೇಲಿಯಾದ ನೆಲದಲ್ಲಿ ಈ ಪ್ರಶಸ್ತಿ ಗೆದ್ದ ಇಂಗ್ಲಿಷ್ ತಂಡ ಇದೊಂದೇ ಆಗಿತ್ತು.

ಮರುವರ್ಷ ಪೆನ್ರಿತ್ ವಿಗನ್ನಿಗೆ ಬಂತು. 2024ರ ಫೆಬ್ರವರಿ 24ರ ಈ ಪಂದ್ಯವನ್ನು 24,091 ಪ್ರೇಕ್ಷಕರು ವೀಕ್ಷಿಸಿದರು. ವಿಗನ್ 16–12ರಿಂದ ಮುಂದಿದ್ದಾಗ ಕೊನೆಯ ಕ್ಷಣಗಳಲ್ಲಿ ಪೆನ್ರಿತ್‌ನ ಟೇಲನ್ ಮೇ ಗೆರೆಯತ್ತ ಚಾಚಿ ಚೆಂಡು ಮುಟ್ಟಿಸಲು ಯತ್ನಿಸಿದರು. ವಿಡಿಯೊ ಪರಿಶೀಲನೆಯ ಬಳಿಕವೂ ಟ್ರೈ ನೀಡಲಿಲ್ಲ. ಈ ತೀರ್ಪಿನ ಬಗ್ಗೆ ಆಸ್ಟ್ರೇಲಿಯಾದಲ್ಲಿ ಸಾಕಷ್ಟು ಅಸಮಾಧಾನ ವ್ಯಕ್ತವಾಯಿತು.

2024ರ ಋತುವಿನ ಕೊನೆಗೆ ವಿಗನ್ ಮತ್ತು ಪೆನ್ರಿತ್ ಎರಡೂ ತಮ್ಮ ತಮ್ಮ ಲೀಗ್‌ಗಳನ್ನು ಪುನಃ ಗೆದ್ದವು. ಅದೇ ಎರಡು ತಂಡಗಳ ಮರುಪಂದ್ಯಕ್ಕೆ ಇದಕ್ಕಿಂತ ಸಮರ್ಪಕ ಸಂದರ್ಭ ಒದಗುವುದು ವಿರಳ. ಆದರೆ ಎನ್‌ಆರ್‌ಎಲ್ ತನ್ನ ಋತುವಿನ ಮೊದಲ ಪಂದ್ಯಗಳನ್ನು ಅಮೆರಿಕದ ಲಾಸ್ ವೇಗಸ್‌ನಲ್ಲಿ ಆಡಿಸುತ್ತಿತ್ತು. 2025ರ ಮಾರ್ಚ್ ಮೊದಲ ದಿನಗಳಲ್ಲಿ ವಿಗನ್ ಮತ್ತು ಪೆನ್ರಿತ್ ಎರಡೂ ಅದೇ ನಗರದ ಅದೇ ಕ್ರೀಡಾಂಗಣದಲ್ಲಿ ಆಡಿದವು. ವಿಗನ್ ಆಡಿದ್ದು ತನ್ನ ನೆರೆಯ ವಾರಿಂಗ್ಟನ್ ವಿರುದ್ಧ, ಪೆನ್ರಿತ್ ಆಡಿದ್ದು ಕ್ರೊನುಲಾ ವಿರುದ್ಧ. ಪರಸ್ಪರ ಮಾತ್ರ ಆಡಲಿಲ್ಲ. 2025ರ ವರ್ಲ್ಡ್ ಕ್ಲಬ್ ಚಾಲೆಂಜ್ ನಡೆಯಲಿಲ್ಲ.

ಪ್ರಶಸ್ತಿಗಳ ಲೆಕ್ಕ

2024ರ ಪಂದ್ಯದವರೆಗಿನ ದಾಖಲೆಯಂತೆ ವಿಗನ್ 1987, 1991, 1994, 2017 ಮತ್ತು 2024ರಲ್ಲಿ ಒಟ್ಟು ಐದು ಬಾರಿ ಗೆದ್ದಿದೆ. ಸಿಡ್ನಿ ರೂಸ್ಟರ್ಸ್ 2003, 2014, 2019 ಮತ್ತು 2020ರಲ್ಲಿ ಗೆದ್ದಿದ್ದು, 1976ರ ಪಂದ್ಯವನ್ನು ಸೇರಿಸಿದರೆ ಅದರ ಸಂಖ್ಯೆಯೂ ಐದಾಗುತ್ತದೆ. ಆದ್ದರಿಂದ ದಾಖಲೆ ವಿಗನ್ ಒಂದರದೇ ಅಥವಾ ಇಬ್ಬರದೂ ಎಂಬುದು ಅರ್ಧ ಶತಮಾನದ ಹಿಂದಿನ ಆ ಒಂದು ಪಂದ್ಯವನ್ನು ಹೇಗೆ ಪರಿಗಣಿಸುತ್ತೇವೆ ಎಂಬುದನ್ನು ಅವಲಂಬಿಸಿದೆ. 2021ರಿಂದ 2024ರವರೆಗೆ ಸತತ ನಾಲ್ಕು ಬಾರಿ ಎನ್‌ಆರ್‌ಎಲ್ ಗೆದ್ದ ಪೆನ್ರಿತ್, ಚಾಲೆಂಜ್ ಪಂದ್ಯದಲ್ಲಿ 1991, 2004, 2023 ಮತ್ತು 2024ರಲ್ಲಿ ಆಡಿ ನಾಲ್ಕು ಬಾರಿಯೂ ಸೋತಿದೆ.